ಆಲೂಗಡ್ಡೆ ತುಂಬಿದ ಶವಪೆಟ್ಟಿಗೆ

ಹಾಲೆ, ಭಾನುವಾರ
28 ಅಕ್ಟೋಬರ್ 1923

ನನ್ನ ಮುದ್ದು ರೈನ್‌ಹೋಲ್ಟ್,

ಹೇಗಿದ್ದೀಯಪ್ಪ? ಬ್ರೆಜಿಲ್‌ನ ಸೆಕೆಗೆ ಮೈತುಂಬ ಎದ್ದಿದ್ದ ಬೊಕ್ಕೆ ಮಾಯಿತೇ? ನನ್ನ ಮಂಡಿನೋವು ಒಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ಈಸ್ಟರ್‌ಗೆ ಬರಲೇ ಎಂದು ಕೇಳಿದ್ದೀಯ. ಅಷ್ಟು ಖರ್ಚು ಮಾಡಿಕೊಂಡು ಬರಬೇಡ. ನನ್ನ ಏರ್ಪಾಟು ನಾನೇ ಮಾಡಿಕೊಂಡಿದ್ದೇನೆ.

ನಿನ್ನ ತಂದೆಯ ಕಾಲದಿಂದ ವಾರವಾರ ಕಟ್ಟುತ್ತಿದ್ದ ಶವಸಂಸ್ಕಾರ ನಿಧಿಯವರು ಬೇಸಿಗೆಯಲ್ಲಿ ಲೆಕ್ಕ ಮುಗಿಸಿ ಹಣ ಕಳಿಸಿದರು. ಬೆಲೆಗಳು ದಿನದಿನಕ್ಕೆ ಏರುತ್ತಿರುವಾಗ ಅದಕ್ಕೆ ಪೆಟ್ಟಿಗೆಯ ಒಂದು ಮೊಳೆಯೂ ಬರುತ್ತಿರಲಿಲ್ಲ. ದಿಕ್ಕಿಲ್ಲದವರನ್ನು ಗೋಣಿಯಲ್ಲಿ ಸುತ್ತಿ ಹೂಳುತ್ತಿದ್ದಾರೆಂದು ಸುದ್ದಿ ಬೇರೆ. ಗೋಣಿಯಲ್ಲಿ ಸುತ್ತಿಸಿಕೊಂಡು ನಿನ್ನ ತಂದೆಯ ಪಕ್ಕ ಮಲಗಲೇ? ಭಯವಾಯಿತು, ಮಗನೇ. ಮದುವೆಯ ದುಪ್ಪಟಿಗಳನ್ನೂ ಬಾತುಗರಿಯ ರಜಾಯಿಯನ್ನೂ ಬಡಗಿ ಕ್ರಾಮರ್‌ಗೆ ಕೊಟ್ಟು ಒಳ್ಳೆಯ ಪೈನ್ ಮರದ ಪೆಟ್ಟಿಗೆ ಮಾಡಿಸಿಕೊಂಡೆ. ಸದ್ಯಕ್ಕೆ ಅದು ಅಡುಗೆಮನೆಯಲ್ಲಿದೆ, ಒಳಗೆ ಆಲೂಗಡ್ಡೆ ತುಂಬಿದ್ದೇನೆ. ಇಲಿ ಹೋಗುವುದಿಲ್ಲ.

ಮಹಡಿಯ ಮೇಲಿನ ನಿವೃತ್ತ ಗುಮಾಸ್ತ ಝೂರ್ನ್ ಅದನ್ನು ನೋಡಿ, "ಏನಮ್ಮಾ, ಸಾಯೋಕೆ ಇಷ್ಟೊಂದು ಅವಸರಾನಾ?" ಎಂದರು. "ಅವಸರ ನನಗಲ್ಲ ರೀ, ಬೆಲೆಗೆ" ಎಂದೆ. ಈ ಮನುಷ್ಯನೇ ತಾನೇ ಯುದ್ಧದ ಸಮಯದಲ್ಲಿ ಮನೆಮನೆ ಹತ್ತಿಳಿದು ಸರ್ಕಾರದ ಸಾಲಪತ್ರ ಮಾರಿದ್ದು! "ದೇಶಕ್ಕೆ ಕೊಡಿ, ಬಡ್ಡಿ ಸಮೇತ ವಾಪಸ್ ಬರುತ್ತೆ" ಎಂದಿದ್ದರು. ನಿನ್ನ ಅಪ್ಪನ ಅಂಗಡಿ ಮಾರಿದ ಹಣವೆಲ್ಲ ಅದಕ್ಕೇ ಹೋಯಿತು. ಈಗ ಕೇಳಿದರೆ, "ಸರ್ಕಾರ ಸಾಲ ಮಾಡಿ ಯುದ್ಧ ಮಾಡ್ತು. ಈಗ ಫ್ರೆಂಚರು ಬಂದು ಹಿಡಿದ ರೂರ್ ಗಣಿಗಳಲ್ಲಿ ಅವರ ಮೇಲಿನ ಹಟಕ್ಕೆ ಕೆಲಸ ಬಿಟ್ಟು ಕೂತೋರಿಗೆಲ್ಲ ನೋಟು ಅಚ್ಚು ಹಾಕಿ ಸಂಬಳ ಕೊಡ್ತು. ನನಗೇನು ಕನಸು ಬಿದ್ದಿತ್ತಾ?" ಎನ್ನುತ್ತಾರೆ. ಅವರ ಹಣವೂ ಆ ಸಾಲಪತ್ರದಲ್ಲೇ ಹೋಯಿತು, ಪಿಂಚಣಿ ಕೈಗೆ ಬರುವಷ್ಟರಲ್ಲಿ ಒಂದು ಬ್ರೆಡ್ಡಿಗೂ ಸಾಲುವುದಿಲ್ಲ. ಆದರೂ ಜಂಬ ಮಾತ್ರ ಇಳಿದಿಲ್ಲ. ಸುಮ್ಮನೆ ಕೊಟ್ಟರೆ ಸೂಪ್ ಮುಟ್ಟುವುದಿಲ್ಲ. ಅದಕ್ಕೇ, "ಉಪ್ಪು ಹೆಚ್ಚಾಯ್ತೇನೋ, ಸ್ವಲ್ಪ ನೋಡಿ ಹೇಳಿ" ಎಂದು ಬಟ್ಟಲು ತುಂಬ ಕೊಟ್ಟು ಬರುತ್ತೇನೆ. ಪೂರ್ತಿ ಕುಡಿದು, "ಹೆಚ್ಚಾಗಿದೆ" ಎನ್ನುತ್ತಾರೆ! ಎರಡು ದಿನದಿಂದ ಕೆಮ್ಮು ಜೋರಾಗಿದೆ, ಬಟ್ಟಲು ಹಾಗೇ ವಾಪಸ್ಸು ಬರುತ್ತಿದೆ. ಅವರ ಮೇಲೆ ನನಗಿನ್ನೂ ಸಿಟ್ಟಿದೆ.

ನೀನು ಹೊತ್ತುಹೊತ್ತಿಗೆ ಉಣ್ಣು, ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಮಿನ್ನಾ

ತಾ.ಕ.: ಬುಧವಾರ. ಅಂಚೆಗೆ ಹಾಕುವುದು ತಡವಾಯಿತು, ಹಚ್ಚಿದ್ದ ಅಂಚೆಚೀಟಿಯೂ ಈಗ ಸಾಲದು. ಸೋಮವಾರ ಬೆಳಿಗ್ಗೆ ಝೂರ್ನ್ ತೀರಿಕೊಂಡರು. ಅವರಿಗೆ ಯಾರೂ ಇರಲಿಲ್ಲ. ಗೋಣಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿದೆ. ಆಲೂಗಡ್ಡೆ ಈಗ ನನ್ನ ಮಂಚದ ಕೆಳಗಿದೆ. ಕ್ರಾಮರ್‌ಗೆ ಕೊಡಲು ಇನ್ನೊಂದು ರಜಾಯಿ ನನ್ನ ಬಳಿ ಇಲ್ಲ. ಮೇಲೆ ಬರೆದದ್ದನ್ನು ಮರೆತುಬಿಡು ಮಗನೇ, ಈಸ್ಟರ್‌ಗೆ ಬಾ. ಅಲ್ಲಿಯವರೆಗೆ ನಾನು ಸಾಯುವುದಿಲ್ಲ.