ಬೆನ್ನಿಗೆ ಹಾಕಿದ ಹೆಸರು

6 ನವೆಂಬರ್ 2006, ಸೋಮವಾರ

ನೋಯ್ಡಾ ಬಸ್ಸು ಇವತ್ತೂ ತಡ. ಆಫೀಸು ಸೇರಿ ಮೂರನೆಯ ಜರ್ಸಿಯ ಡಿಸೈನ್ ಮುಗಿಸಿದೆ. ಗಾಢ ನೀಲಿ, ಭುಜದಿಂದ ಸೊಂಟಕ್ಕೆ ಓರೆಯಾಗಿ ಒಂದೇ ಕಿತ್ತಳೆ ಪಟ್ಟಿ. ಹಾಕಿ ಆಟಗಾರರು ಬಗ್ಗಿಯೇ ಓಡುತ್ತಾರೆ. ನಿಂತಾಗ ಚೆಂದ ಕಾಣುವ ಪಟ್ಟಿ ಬಗ್ಗಿದಾಗ ಮುರಿಯುತ್ತದೆ. ಮುರಿಯದಂತೆ ಎಳೆಯಲು ಮೂರು ದಿನ ಹಿಡಿಯಿತು. ಇನ್ನೂ ಬರಿಯ ಕಾನ್ಸೆಪ್ಟ್. ತಂಡದವರು ಒಪ್ಪಿದರೆ ಹೊಲಿಗೆ.

ಬೆನ್ನಿನ ಮೇಲೆ ‘ಪ್ಲೇಯರ್ 00’ ಎಂದು ಹಾಕುವುದು ನಮ್ಮಲ್ಲಿ ನಿಯಮ. ನಿರ್ಜೀವವಾಗಿ ಕಂಡಿತು. ಅಳಿಸಿ ‘ಜೀವನ್ 14’ ಎಂದು ಹಾಕಿದೆ. ತಮ್ಮನ ಹೆಸರು. ಅದೇ ತಂಡದ ಕ್ಯಾಂಪಿನಲ್ಲಿದ್ದಾನೆ — ಮೂವತ್ತು ಜನ, ಉಳಿಯುವುದು ಹದಿನೆಂಟು. ಅವನಿಗೆ ಮೂವತ್ತೆರಡು ವಯಸ್ಸು. ಇನ್ನೊಂದು ಕ್ಯಾಂಪ್ ಸಿಗುವುದಿಲ್ಲ.

ಕಳಿಸುವ ಮೊದಲು ತೆಗೆಯಬೇಕು.

9 ನವೆಂಬರ್

ತೆಗೆಯಲಿಲ್ಲ. ಮೇಲ್ ಹೋದ ಮೇಲೆ, ವಾಪಸ್ ಬಸ್ಸಿನಲ್ಲಿ ನೆನಪಾಯಿತು. ಮೇಲಧಿಕಾರಿ ಅಮಿತಾಗೆ ಫೋನ್ ಮಾಡಿದರೆ, “ಅರೇ ಯಾರ್, ಡಮ್ಮಿ ನೇಮ್! ಕೌನ್ ಪಢ್ತಾ ಹೈ?”

ಯಾರೂ ಓದುವುದಿಲ್ಲ. ಸರಿ.

17 ನವೆಂಬರ್, ರಾತ್ರಿ ಊಟಕ್ಕೆ ಮುಂಚೆ

ಮೂರನೆಯದೇ ಆಯ್ಕೆಯಾಯಿತು. ತಂಡದವರು ಆ ಚಿತ್ರವನ್ನೇ ಪತ್ರಕರ್ತರ ಆಹ್ವಾನ ಪತ್ರಿಕೆಯ ಮೇಲೆ ಅಚ್ಚು ಹಾಕಿಸಿದ್ದಾರೆ. ಬೆನ್ನ ಕಡೆಯ ಚಿತ್ರ. ಹೆಸರು ಸಮೇತ.

ಮಧ್ಯಾಹ್ನ ಕ್ಯಾಂಪಿನಿಂದ ಜೀವನ್ ಫೋನ್.

“ಅಕ್ಕಾ, ಕಾರ್ಡ್ ನೋಡಿದ್ಯಾ? ಎಲ್ರೂ ರೇಗಿಸ್ತಾ ಇದಾರೆ. ‘ದಾಮಾದ್‌ಜೀ, ಜರ್ಸಿ ತೋ ಸಿಲ್ ಗಯೀ, ಬಾರಾತ್ ಕಬ್?’ ಅಂತ. ನಾನು ಟೀಮ್ ಮಾಲೀಕರ ಅಳಿಯ ಅಂತೆ, ಜರ್ಸಿ ಹೊಲಿದಾಯ್ತು, ದಿಬ್ಬಣ ಯಾವಾಗ ಅಂತೆ! ನೀನು ಹಾಕಿದ್ದಾ?”

“ಇಲ್ಲಪ್ಪ. ಹೆಸರು, ನಂಬರ್ ಎಲ್ಲ ಅವರ ಕಡೆಯಿಂದಲೇ ಬರೋದು.”

“ಅಚ್ಛಾ... ಹಾಗಾದ್ರೆ ಮಾಲೀಕರೇ?”

“ಇರಬಹುದು.”

ನಕ್ಕ. ಎಷ್ಟು ವರ್ಷವಾಗಿತ್ತು ಅವನು ಹಾಗೆ ನಕ್ಕು. ಅದಕ್ಕೇ ಸುಳ್ಳು ಹೇಳಿದೆನೆ? ನನ್ನ ಕೆಲಸಕ್ಕೆ ಕುತ್ತು ಬಂದೀತೆಂದೆ? ಎರಡನ್ನೂ ಬರೆದಿದ್ದೇನೆ. ಯಾವುದನ್ನೂ ಹೊಡೆದುಹಾಕಲಾರೆ.

28 ನವೆಂಬರ್

ಹದಿನೆಂಟು ಜನರ ಪಟ್ಟಿ ಬಂತು. ಅವನಿಲ್ಲ.

ಚೀಲ, ಸ್ಟಿಕ್ಕುಗಳ ಸಮೇತ ಸಂಜೆ ಲೋಧಿ ಕಾಲೋನಿಯ ನಮ್ಮ ಮನೆಗೇ ಬಂದ. ಸಾರನ್ನ ಕಲಸುತ್ತಾ ತಟ್ಟೆಗೇ ಹೇಳಿದ. ಭಾನುವಾರದ ಪ್ರಾಕ್ಟೀಸ್ ಮ್ಯಾಚಿನಲ್ಲಿ ಹೊರಗೆ ಕೂರಿಸಿದರಂತೆ. ಇವನು ಕೋಚ್ ಹತ್ತಿರ ಹೋಗಿ, ಮಾಲೀಕರು ನನ್ನನ್ನು ಆಗಲೇ ಫೈನಲ್ ಮಾಡಿದ್ದಾರೆ, ಕಾರ್ಡ್ ನೋಡಿ ಎಂದನಂತೆ.

“ಎಲ್ಲರ ಎದುರಿಗೆ ಹೇಳ್ಬಿಟ್ರು ಅಕ್ಕ. ‘ಹಾಗಾದ್ರೆ ಮಾಲೀಕರ ಅಂಗಳದಲ್ಲೇ ಆಡ್ಕೋ. ಇಲ್ಲಿ ಸಿಫಾರಿಶ್ ನಡೆಯಲ್ಲ’ ಅಂತ.”

ಅಲ್ಲಿಯವರೆಗೆ ಇವನ ಹೆಸರು ಪಟ್ಟಿಯಲ್ಲಿ ಇತ್ತಂತೆ. ಅಸಿಸ್ಟೆಂಟ್ ಕೋಚ್ ಆಮೇಲೆ ಹೇಳಿದರಂತೆ. ಹದಿನಾರನೆಯದು.

ಒಳಗೆ ಬಂದ ಮೇಲೆ ಚಂದ್ರಕಾಂತ ಮೆತ್ತಗೆ ಕೇಳಿದರು. “ಇನ್ನೂ ಹೇಳಿಲ್ವಾ ಅವನಿಗೆ?” ಗಂಡನಿಗೆ ಹೇಳಬಲ್ಲದ್ದು ತಮ್ಮನಿಗೆ ಹೇಳಲಾಗದೆ... ಬೆಡ್‌ಶೀಟ್ ಮಡಿಚುತ್ತಾ ಕೂತೆ.

29 ನವೆಂಬರ್, ಬೆಳಿಗ್ಗೆ 8.10

ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಕೊಂಡಿದ್ದಾನೆ. ಮಾಲೀಕರ ಆಫೀಸಿಗೆ ಹೋಗುತ್ತಾನಂತೆ.

“ನನ್ನ ಹೆಸರು ಹಾಕ್ದೋರು ಯಾರೋ, ಅವರೇ ಕೋಚ್‌ಗೆ ಒಂದ್ ಮಾತು ಹೇಳ್ಲಿ. ಬಸ್, ಅಷ್ಟೇ.”

ಅಲ್ಲಿ ನಗುತ್ತಾರೆ. ಡಮ್ಮಿ ನೇಮ್ ಎನ್ನುತ್ತಾರೆ. ಯಾರ ಆಫೀಸಿನಿಂದ ಬಂತು ಎನ್ನುವುದನ್ನೂ ಹೇಳುತ್ತಾರೆ. ಅವರು ಹೇಳುವ ಮೊದಲು ನಾನು ಹೇಳಬೇಕು.

ಏನೆಂದು? ಮರೆತೆ ಎಂದೆ?

ಒಂಬತ್ತನೆಯ ತಾರೀಖು ಬರೆದದ್ದು ಸುಳ್ಳು. ಮೇಲ್ ಕಳಿಸುವ ಮೊದಲೇ ಆ ಹೆಸರು ಕಣ್ಣಿಗೆ ಬಿದ್ದಿತ್ತು. ಅಳಿಸಲು ಅರ್ಧ ನಿಮಿಷ ಸಾಕಿತ್ತು. ಅಲ್ಲಿ ಯಾರಾದರೂ ಓದಲಿ, ನೆನಪಿಟ್ಟುಕೊಳ್ಳಲಿ ಎಂದೇ ಬಿಟ್ಟೆ. ಕೋಚ್ ಹೇಳಿದ ಆ ಮಾತಿನಲ್ಲಿ ತಪ್ಪಿಲ್ಲ. ಸಿಫಾರಿಶ್ ನನ್ನದು.

ಬಾಗಿಲ ಹತ್ತಿರ ಹೋಗಿದ್ದಾನೆ. “ಚಲೋ, ಹೊರಟೆ ಅಕ್ಕ.”

ಒಂದು ನಿಮಿಷ ಎಂದೆ. ನಿಂತಿದ್ದಾನೆ. ದುಡ್ಡು ಕೊಡಲು ಕರೆದೆ ಎಂದುಕೊಂಡು, “ಆಟೋಗೆ ಇದೆ ನನ್ನ ಹತ್ರ” ಅನ್ನುತ್ತಿದ್ದಾನೆ. ಈಗ ಎದ್ದು ಹೇಳುತ್ತೇನೆ —