ಜೋಡು ಸುಳಿಯ ಕುದುರೆ

ಐನಾಪುರ
ಸೋಮವಾರ, ೧೮ ನವೆಂಬರ್ ೨೦೨೪

ತೀರ್ಥರೂಪ ಅವ್ವನಿಗೆ,

ರಾಯಬಾಗದ ಹೊಸ್ತಿಲಿಗೆ ಐನಾಪುರದಿಂದ ನಿನ್ನ ಕೋಮಲಳ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದ ಬಿಚ್ಚುವಾಗಲೇ ಅಳಲು ಶುರು ಮಾಡುತ್ತೀ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ನಿನ್ನ ಅಳಿಯನ ಭುಜ ಬಹುಮಟ್ಟಿಗೆ ಕೂಡಿಕೊಂಡಿದೆ. ನಾನೂ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಕಣ್ತುಂಬ ನಿದ್ದೆ ಮಾಡುತ್ತಿದ್ದೇನೆ. ನಿದ್ದೆಯ ಮಾತು ನಿನ್ನೆಯಿಂದ ಮಾತ್ರ ನಿಜ. ಅದನ್ನು ಹೇಳಲಿಕ್ಕೇ ಈ ಪತ್ರ.

ಫೋನು ಇರುವಾಗ ಪತ್ರ ಯಾಕೆ ಬೇಕಿತ್ತು ಎಂದು ಬೈಯಬೇಡ. ನೀನು ಫೋನು ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತೀ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಪಕ್ಕದ ಮನೆಯ ಸಾವಕ್ಕ ಕಿವಿ ಕೊಟ್ಟು ಕೂತಿರುತ್ತಾರೆ. ನಾನೊಮ್ಮೆ ಕೆಮ್ಮಿದರೆ ಸಂಜೆಯೊಳಗೆ ಇಡೀ ಓಣಿ ಕಷಾಯದ ಸಲಹೆ ಕಳಿಸುತ್ತದೆ. ಇದು ಓಣಿಯ ಮಾತಲ್ಲ. ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಓದು. ವಿಷಯ ನನ್ನ ತಲೆಯದು.

ಚಿಕ್ಕೋಡಿಯವರು ನನ್ನನ್ನು ನೋಡಲು ಬಂದ ದಿನ ನಿನಗೆ ಮರೆತಿರಲಿಕ್ಕಿಲ್ಲ. ಹುಡುಗನ ಸೋದರತ್ತೆ, ಜಡೆ ಎಷ್ಟು ಉದ್ದ ಐತಿ ನೋಡೂಣು ಎನ್ನುತ್ತ ಕೂದಲು ಬಿಚ್ಚಿದರು. ನೆತ್ತಿಯ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲಿಯೇ ನಿಂತಿತು. ಒಂದರ ಮಗ್ಗುಲಲ್ಲಿ ಇನ್ನೊಂದು ಸುಳಿ. ಹೆಣ್ಣಿಗೆ ಜೋಡು ಸುಳಿ ಇದ್ದರೆ ತಾಳಿ ಕಟ್ಟಿದವನು ಉಳಿಯುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಶಿರಾದ ತಟ್ಟೆ ಮುಟ್ಟದೆ ಎದ್ದು ಹೋದರು ಅಷ್ಟೇ. ಆಮೇಲೆ ಐನಾಪುರದವರು ಬರುವ ದಿನ ನೀನು ನನ್ನ ಬೈತಲೆಯನ್ನೇ ಬದಲಿಸಿದೆ. ಕೂದಲನ್ನು ಅಡ್ಡ ಬಾಚಿ, ಪಿನ್ನು ಚುಚ್ಚಿ, ಸುಳಿಯ ಮೇಲೆ ಸರಿಯಾಗಿ ಮಲ್ಲಿಗೆಯ ದಂಡೆ ಇಟ್ಟೆ. ಅವತ್ತು ಅವಸರದಲ್ಲಿ ನೀನು ಚುಚ್ಚಿದ ಒಂದು ಪಿನ್ನು ನನ್ನ ಚರ್ಮಕ್ಕೇ ಹೊಕ್ಕಿತ್ತು. ಮದುವೆಯಾದ ಮೇಲೂ ನಿನ್ನದು ಅದೇ ಮಾತು: ಎಣ್ಣೆ ಹಚ್ಚುತ್ತೇನೆಂದು ಯಾರೇ ಬಂದರೂ ತಲೆ ಕೊಡಬೇಡ. ನಾನೂ ಮಾತು ಕೊಟ್ಟಿದ್ದೆ. ನೀನಂತೂ ಮೊದಲಿನಿಂದಲೂ ಬಾಗಿಲು ಹಾಕಿಕೊಂಡೇ ತಲೆ ಬಾಚಿಕೊಳ್ಳುವವಳು. ನಾನು ಹೆರಳು ಹಾಕುತ್ತೇನೆ ಎಂದು ಹಟ ಮಾಡಿದರೂ ಒಮ್ಮೆಯೂ ನನ್ನ ಕೈಗೆ ತಲೆ ಕೊಡಲಿಲ್ಲ. ಹೆಂಗಸರ ಶಿಸ್ತು ಇದು ಎಂದುಕೊಂಡೇ ನಾನು ಬೆಳೆದೆ.

ಅವ್ವಾ, ಹುಡುಕಿ ಹುಡುಕಿ ನೀನು ನನ್ನನ್ನು ಕೊಟ್ಟದ್ದು ಎಂಥ ಮನೆಗೆ! ಮಾವನವರಿಗೆ ಕಬ್ಬು, ದ್ರಾಕ್ಷಿ ಎಲ್ಲ ಇದ್ದರೂ ಜೀವ ಇರುವುದು ಗಾಡಿ ಎಳೆದು ಓಡುವ ಶರ್ಯತ್ತಿನ ಕುದುರೆಗಳಲ್ಲಿ. ಮುರಗೆಪ್ಪ ಒಮ್ಮೆ ನೋಡಿ ಹೂಂ ಅಂದರೆ ಮಿರಜದವರೂ ಕಣ್ಣು ಮುಚ್ಚಿ ಕುದುರೆ ಹಿಡಿಯುತ್ತಾರೆ ಎಂದು ಅವರ ಬಗ್ಗೆ ಊರಿನ ಮಾತು. ಹಲ್ಲು, ಗೊರಸು ಆಮೇಲೆ. ಮೊದಲು ನೋಡುವುದು ಸುಳಿ. ಹಣೆಯ ಸುಳಿ ಒಳ್ಳೆಯದು, ಕಣ್ಣಿನ ಕೆಳಗಿನ ಸುಳಿ ಮನೆಯವರ ಕಣ್ಣಲ್ಲಿ ನೀರು ತರಿಸುತ್ತದೆ, ಜೋಡು ಸುಳಿಯ ಕುದುರೆ ಸವಾರನನ್ನು ತಿನ್ನುತ್ತದೆ. ಜಗಲಿಯ ಮೇಲೆ ಗಂಡಸರು ಈ ಮಾತು ಶುರು ಮಾಡಿದರೆ ನಾನು ಚಹಾ ಇಟ್ಟು, ಸೆರಗು ಎಳೆದುಕೊಂಡು ಒಳಗೆ ಓಡುತ್ತಿದ್ದೆ.

ದಸರೆಯ ಶರ್ಯತ್ತಿನಲ್ಲಿ ಗಾಡಿ ಪಲ್ಟಿಯಾಗಿ ಇವರು ಬಿದ್ದರು. ಆಸ್ಪತ್ರೆಗೆ ನೀನೂ ಬಂದೆ. ಬಂದವಳು ಹಾಸಿಗೆಯ ಮೇಲಿದ್ದ ಅಳಿಯನ ಮುಖ ನೋಡುವ ಮೊದಲು ನನ್ನ ತಲೆಯ ಕಡೆ ನೋಡಿದೆ. ಅವತ್ತಿನಿಂದ ನಾನು ಇವರ ಮಗ್ಗುಲಲ್ಲಿ ಮಲಗಿ ಉಸಿರು ಎಣಿಸುವವಳಾದೆ. ಇವರು ಮೆಟ್ಟಿಲಿಳಿದರೆ ಭಯ, ಬೈಕು ಹತ್ತಿದರೆ ಭಯ. ನನ್ನ ಗಂಡನನ್ನು ನಾನೇ ತಿನ್ನುತ್ತಿದ್ದೇನೆ ಎಂದು ನಾನು ನಂಬಿಬಿಟ್ಟಿದ್ದೆ ಅವ್ವಾ. ತವರಿಗೆ ಬಂದು ಇದ್ದುಬಿಡಲೇ ಎಂದೂ ಯೋಚಿಸಿದ್ದೆ. ಕಳೆದ ವಾರ ನಾನು ಸುಮ್ಮನೆ ಫೋನು ಮಾಡಿ, ಮಾಳಿಗೆಯ ಮೇಲಿನ ಕೋಣೆ ಖಾಲಿ ಇದೆಯೇ ಎಂದು ಕೇಳಿದ್ದು ಅದಕ್ಕೇ.

ಇಷ್ಟರಲ್ಲಿ ಲಿಲಾವಿನ ಸುದ್ದಿ ಬಂತು, ಕುದುರೆಗಳ ಹರಾಜು. ಕಾಗವಾಡದ ಹೊರಗೆ ದ್ರಾಕ್ಷಿ ಒಣಗಿಸಿ ಮನುಕ ಮಾಡುವ ಒಂದು ದೊಡ್ಡ ಶೆಡ್ಡಿದೆ. ಅದರ ಮಾಲೀಕರು ವಯಸ್ಸಾಯಿತೆಂದು ತಮ್ಮ ಶರ್ಯತ್ತಿನ ಕುದುರೆಗಳನ್ನೆಲ್ಲ ಲಿಲಾವಿಗೆ ಹಚ್ಚಿದ್ದರು. ಮಾವನವರು ಹೊಸ ಕುದುರೆ ತರುವುದೇ ಎಂದು ಕೂತರು. ಇವರ ಭುಜಕ್ಕೆ ಇನ್ನೂ ಸ್ಟೇರಿಂಗ್ ತಿರುಗಿಸುವ ಬಲ ಇಲ್ಲ. ನೀನು ಬೇಡಬೇಡವೆಂದರೂ ಅಪ್ಪ ನನಗೆ ಕಲಿಸಿದ ಡ್ರೈವಿಂಗ್ ಕೆಲಸಕ್ಕೆ ಬಂತು. ಪಿಕಪ್ ನಾನು ಹೊಡೆದೆ. ಒಂದು ಕಡೆ ಗಂಡ, ಅವರಾಚೆ ಮಾವ. ಲಿಲಾವಿನ ಜಾಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ.

ಲಿಲಾವು ಎಂದರೆ ಗದ್ದಲ, ಜಗಳ ಎಂದುಕೊಂಡಿದ್ದೆ. ಹಾಗೇನಿರಲಿಲ್ಲ. ಗಂಡಸರು ಮಾತಾಡದೆ ಕುದುರೆಯ ಸುತ್ತ ತಿರುಗುತ್ತಿದ್ದರು. ಒಬ್ಬ ತುಟಿ ಎತ್ತಿ ಹಲ್ಲು ನೋಡಿದ, ಒಬ್ಬ ಕಾಲೆತ್ತಿ ಗೊರಸು ತಟ್ಟಿದ, ಒಬ್ಬ ಬಾಲ ಎತ್ತಿಸಿದ, ಇನ್ನೊಬ್ಬ ನಾಲ್ಕು ಹೆಜ್ಜೆ ಓಡಿಸಿ ಎಂದ. ಕುದುರೆ ಕಣ್ಣು ಅಗಲಿಸಿಕೊಂಡು ನಿಂತಿತ್ತು. ನನಗೆ ನಮ್ಮ ಮನೆಯ ಪಡಸಾಲೆ, ಚಿಕ್ಕೋಡಿಯವರು, ನೋಡೂಣು ಸ್ವಲ್ಪ ನಡದು ತೋರಿಸವಾ ಅಂದದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಹೋಗಿ ಪಿಕಪ್ಪಿನಲ್ಲಿ ಕೂಡೋಣವೆಂದು ತಿರುಗಿದವಳು ಕಸ್ತೂರಿಯನ್ನು ನೋಡಿದೆ.

ಕಸ್ತೂರಿ ಎಂದರೆ ಕಂದು ಬಣ್ಣದ ಹೆಣ್ಣು ಕುದುರೆ, ಕಾಲು ತೆಳ್ಳಗೆ, ಉದ್ದ. ಲಿಲಾವು ಕೂಗುವ ಉತ್ತಮ ಎಂಬವನು ಹಂಗಾಮಿನಲ್ಲಿ ಮನುಕದ ಲಿಲಾವು ಕೂಗುವವನಂತೆ. ಅವನು ಮೈಕಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಅವಳನ್ನು ಹೊಗಳುತ್ತಿದ್ದ. ಮಾವನವರು ಮತ್ತು ಮಿರಜದ ಒಬ್ಬ ದಪ್ಪ ಮೀಸೆಯವರು ಪೈಪೋಟಿಗೆ ಬಿದ್ದು ಬೆರಳೆತ್ತುತ್ತಿದ್ದರು. ನಾನು ನೋಡುತ್ತಿದ್ದುದು ಮಾತ್ರ ಅವಳ ತಲೆಯನ್ನು. ಉಳಿದ ಕುದುರೆಗಳ ಮುಂಗೂದಲು ಸುಮ್ಮನೆ ಇಳಿಬಿದ್ದಿತ್ತು. ಇವಳದನ್ನು ಅಡ್ಡ ಬಾಚಿ, ಬಿಗಿದು ಕಟ್ಟಿ, ಮೇಲೊಂದು ಕೆಂಪು ಉಣ್ಣೆಯ ಗೊಂಡೆ ಇಟ್ಟಿದ್ದರು. ಎಲ್ಲರೂ ಅದನ್ನು ಸಿಂಗಾರ ಎಂದುಕೊಂಡಿದ್ದರು. ಇಷ್ಟು ದೊಡ್ಡ ದೊಡ್ಡ ಕುದುರೆಯವರಿಗೆ ತಿಳಿಯದ್ದು ನನಗೆ ಒಂದೇ ನೋಟಕ್ಕೆ ತಿಳಿಯಿತು. ತಿಳಿಯದೆ ಏನು, ನಾನು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಮಾಡಿಕೊಳ್ಳುವುದೂ ಅದನ್ನೇ ಅಲ್ಲವೇ?

ಒಂದು ಜೋಡು ಸುಳಿ ಮನೆಗೆ ಬಂದದ್ದಕ್ಕೇ ಇವರ ಎಲುಬು ಮುರಿಯಿತು. ಇನ್ನೊಂದು ಬಂದು, ಅದರ ಹಿಂದಿನ ಗಾಡಿಗೇ ಇವರು ಹತ್ತಿದರೆ? ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಎಲ್ಲರ ಕಣ್ಣು ನನ್ನ ತಲೆಯ ಮೇಲೆ ಬೀಳುತ್ತದೆ. ಹೇಳದಿದ್ದರೆ ಇವರು ಉಳಿಯುವುದಿಲ್ಲ. ಉತ್ತಮ ಅಷ್ಟರಲ್ಲಿ ಒಂದು ಸಲಾ, ಎರಡು ಸಲಾ ಎನ್ನುತ್ತಿದ್ದ. ನಿನಗೆ ಕೊಟ್ಟ ಮಾತು ಗಾಳಿಗೆ ಹೋಯಿತು ಅವ್ವಾ. ಅಷ್ಟು ಗಂಡಸರ ನಡುವೆ ನಾನು ಕೂಗಿಬಿಟ್ಟೆ: "ಮಾಮಾರೀ, ಆ ಗೊಂಡೆ ಬಿಚ್ಚಿ ನೋಡ್ರಿ!"

ಮೈಕು ಗಪ್ಪಾಯಿತು. ಕುದುರೆ ಹಿಡಿದವನು, ಅದು ಸುಮ್ನ ಚಂದಕ್ಕ ಕಟ್ಟೇವ್ರಿ ಎಂದು ತೊದಲಿದ. ಮೀಸೆಯವರು ಸೀದಾ ಹೋಗಿ ಗೊಂಡೆ ಎಳೆದರು. ಕೂದಲು ಎರಡು ಕಡೆ ಬಿದ್ದಿತು. ಹಣೆಯ ಮೇಲೆ ಎರಡು ಸುಳಿ, ಜೋಡಿಯಾಗಿ. ಮೀಸೆಯವರು ಮುಟ್ಟಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಂದೆ ಸರಿದರು. ಅವರ ಹಿಂದೆ ಉಳಿದವರೂ ಸರಿದರು. ಉತ್ತಮ ಹೊಸದಾಗಿ, ಕೆಳಗಿನ ದರದಿಂದ ಕೂಗಿದ. ಯಾರೂ ಬೆರಳೆತ್ತಲಿಲ್ಲ. ಕಸ್ತೂರಿ ಮಾತ್ರ ತಲೆ ಕೊಡವಿ ನಿಂತಳು, ಬಿಗಿದ ಕೂದಲು ಬಿಚ್ಚಿ ಆರಾಮ ಅನ್ನಿಸಿತ್ತೋ ಏನೋ. ಬದುಕಿದೆ ಎಂದುಕೊಂಡು ನಾನು ಇವರ ತೋಳು ಹಿಡಿದೆ.

ಆಗ ಮಾವನವರು ಬೆರಳೆತ್ತಿದರು!

ಉತ್ತಮ ನಂಬದೆ ಎರಡು ಸಾರಿ ಕೇಳಿದ. "ನಾ ಎತ್ತೇನಪ್ಪಾ, ಕೂಗು ನೀ," ಎಂದರು ಮಾವ. ಮೂರನೆಯ ಸಲ ಕೂಗಿ ಮುಗಿಯುವಷ್ಟರಲ್ಲಿ ನಾನು ಇವರ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದಿದ್ದೆ. ಮಾವನವರಾದರೋ ಹಲ್ಲು ಕಿರಿದು ಬಂದು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು: "ನಮ್ಮ ಸೊಸಿ ಭಾಳ ಶಾಣ್ಯಾಕಿ! ಅರ್ಧಾ ದರಕ್ಕ ಕುದುರಿ ಕೊಡಿಸಿದಳು ನೋಡ್ರಿ." ದರ ಇಳಿಸಲಿಕ್ಕೆ ನಾನು ಬೇಕೆಂದೇ ಕೂಗಿದೆ ಎಂದು ಅವರ ತಿಳುವಳಿಕೆ.

ಕುದುರೆಯನ್ನು ಹಿಂದೆ ಹತ್ತಿಸಿಕೊಂಡು ಹೊರಟೆವು. ಊರು ಕಾಣುವವರೆಗೆ ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಕಬ್ಬಿನ ಹೊಲದ ಮಗ್ಗುಲಿಗೆ ಗಾಡಿ ನಿಲ್ಲಿಸಿ ಸ್ಟೇರಿಂಗಿಗೆ ತಲೆ ಹಚ್ಚಿ ಗಳಗಳ ಅತ್ತುಬಿಟ್ಟೆ. ದಂಡೆ, ಪಿನ್ನು, ಚಿಕ್ಕೋಡಿಯವರು, ಎಲ್ಲ ಹೇಳಿದೆ. ಆ ಕುದುರೆಯ ಗಾಡಿಗೆ ಇವರನ್ನು ಹತ್ತಿಸಬೇಡಿ, ಬೇಕಾದರೆ ನಾನು ತವರಿಗೆ ಹೋಗುತ್ತೇನೆ ಎಂದೆ. ಹಿಂದಿನಿಂದ ಕಸ್ತೂರಿ ಒಮ್ಮೆ ಕೆನೆದಳು.

ಮಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಉತ್ತರವನ್ನು ಹಾಗೆಯೇ ಬರೆಯುತ್ತೇನೆ. "ಯವ್ವಾ, ನೋಡಾಕ ಬಂದ ದಿನಾನ ನಾ ನಿನ್ನ ಸುಳಿ ನೋಡೇನಿ. ಕಾಲಿಗೆ ಬಿದ್ದಿ, ಹೂವಿನ ದಂಡಿ ಸರೀತು. ಕುದುರಿ ನೋಡಾವನ ಕಣ್ಣು, ಮೊದಲ ತಲಿಗೇ ಹೋಗತೈತಿ. ಹರೇದಾಗ ನಮ್ಮಪ್ಪನ ಮಾತು ಕೇಳಿ ಇಂಥಾದ ಒಂದು ಜೋಡು ಸುಳಿ ಕುದುರಿ ಮಾರಿದ್ನಿ. ಮುಂದ ಅದು ಪ್ರತಿ ಶರ್ಯತ್ತಿನ್ಯಾಗ ನನ್ನ ಗಾಡಿ ಹಿಂದ ಹಾಕಿ ಓಡೇತಿ. ಅದರ ಗಾಡಿ ಹೊಡಿತಿದ್ದಾಂವಾ ಈಗೂ ಮಂಗಸೂಳ್ಯಾಗ ಮೊಮ್ಮಕ್ಕಳನ್ನ ಆಡಿಸ್ಕೋತ ಕುಂತಾನ. ಅವತ್ತಿಂದ ಸುಳಿ ನೋಡ್ತೇನಿ ಖರೆ, ಆದ್ರ ಮಂದಿ ಯಾವ ಕುದುರಿ ಬಿಡ್ತಾರ ಅಂತ ತಿಳಕೊಳ್ಳಾಕ ಅಷ್ಟ."

ಹಾಗಾದರೆ ದಸರೆಯ ದಿನ ಗಾಡಿ ಯಾಕೆ ಪಲ್ಟಿಯಾಯಿತು ಎಂದು ಕೇಳಿದೆ. "ನಿನ್ನ ಗಂಡನ್ನ ಕೇಳು. ಗಾಲಿ ನಟ್ ಬಿಗದಿಯೇನು ಅಂದ್ರ ಹೂಂ ಅಂದಿದ್ದ." ಇವರು ಕಿಟಕಿಯಾಚೆ ಕಬ್ಬನ್ನು ಜೀವನದಲ್ಲಿ ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದರು. ನಿಮಗೂ ಗೊತ್ತಿತ್ತೇ ಎಂದು ಇವರನ್ನು ಕೇಳಿದೆ. "ಹೇಣ್ತಿ ತಲಿ ನೋಡಲಾರದಂತಾ ಗಂಡ ಇರ್ತಾನೇನ? ಅದನ್ಯಾಕ ಮುಚ್ಚಿಕೋತಿ ಅಂತ ನನಗ ತಿಳೀಲಿಲ್ಲ, ಕೇಳಿದ್ರ ಸಿಟ್ಟಾಗ್ತಿ ಅಂತ ಬಿಟ್ನಿ," ಎಂದರು. ಅಳುತ್ತಿದ್ದವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಇಷ್ಟು ದಿನ ಒಂದು ಓಣಿಗಾಗುವಷ್ಟು ಪಿನ್ನು ಖರ್ಚು ಮಾಡಿದ್ದೇನೆ ನಾನು!

ಅತ್ತೆಯದು ಮಾತ್ರ ಸುಲಭವಾಗಲಿಲ್ಲ, ಮುಚ್ಚಿಡುವುದಿಲ್ಲ. ಅಂಗಳದಲ್ಲಿ ಕುದುರೆಯ ಕಾಲಿಗೆ ನೀರು ಹಾಕಲು ಬಂದವರು ಹಣೆ ನೋಡಿ, ಇದನ್ಯಾಕ ತಂದ್ರಿ ಮನಿಗೆ ಎಂದು ಮಾವನವರ ಮೇಲೆ ಹರಿಹಾಯ್ದರು. ಮಾವ, "ಮನ್ಯಾಗ ಒಂದು ಐತಿ, ಜೋಡಿ ಆತು ಬಿಡ," ಎಂದುಬಿಟ್ಟರು. ಅತ್ತೆ ನನ್ನನ್ನು ನೋಡಿದರು. ಆಮೇಲೆ ಆರತಿಯ ತಟ್ಟೆ ನನ್ನ ಕೈಗೆ ಕೊಟ್ಟು, ನೀನ ಬೆಳಗು ಎಂದು ಒಳಗೆ ಹೋದರು. ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ಪೂರ್ತಿ ತಿಳಿದಿಲ್ಲ. ಇವತ್ತು ಬೆಳಿಗ್ಗೆ ಮಾತ್ರ ಎಣ್ಣೆಯ ಬಟ್ಟಲು ಹಿಡಿದು ಬಂದು, ಕುಂಡ್ರು ಬಾ ಎಂದರು. ಅಂಗಳದಲ್ಲಿ, ಬಿಸಿಲಿಗೆ, ತಲೆ ಬಿಚ್ಚಿಕೊಂಡು ಕೂತೆ. ಎಣ್ಣೆ ಹಚ್ಚುವಾಗ ಅವರ ಬೆರಳು ಸುಳಿಯ ಹತ್ತಿರ ಒಮ್ಮೆ ನಿಂತಿತು. ಮತ್ತೆ ಮುಂದೆ ಹೋಯಿತು.

ಎಷ್ಟು ಹಗುರಾಗಿದೆ ಗೊತ್ತೇ ಅವ್ವಾ? ನಿನ್ನೆ ಇವರ ಉಸಿರು ಎಣಿಸದೆ ನಿದ್ದೆ ಹೋದೆ. ಮಾಳಿಗೆಯ ಕೋಣೆಯಲ್ಲಿ ನೀನು ಜೋಳವನ್ನೇ ಇಟ್ಟುಕೋ, ನನಗೆ ಬೇಡ. ಅಪ್ಪನಿಗೆ ನಮಸ್ಕಾರ ಹೇಳು. ಸಾವಕ್ಕನಿಗೆ ಕುದುರೆ ತಂದದ್ದಷ್ಟೇ ಹೇಳಿದರೆ ಸಾಕು.

ಇಂತಿ,
ತಲೆ ಬಿಚ್ಚಿಕೊಂಡು ಬಿಸಿಲಿಗೆ ಕೂತ ನಿನ್ನ ಮಗಳು
ಕೋಮಲ

ತಾ.ಕ.: ಮಾವನವರು ಪಿಕಪ್ಪಿನಿಂದ ಇಳಿಯುವಾಗ ಇನ್ನೊಂದು ಮಾತು ಹೇಳಿದರು. ಬರೆಯಬೇಕೋ ಬೇಡವೋ ಎಂದು ಪತ್ರ ಮಡಚಿದ ಮೇಲೂ ಯೋಚಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮದುವೆಯ ದಿನ ಅಳಿಯನ ಪಾದ ತೊಳೆಯಲು ನೀನು ಬಗ್ಗಿದಾಗ ಫ್ಯಾನಿನ ಗಾಳಿಗೆ ನಿನ್ನ ತಲೆಯ ಮೇಲಿನ ಸೆರಗು ಹಾರಿತಂತೆ. ನೀನು ಗಾಬರಿಯಾಗಿ ಎಳೆದುಕೊಂಡೆಯಂತೆ, ಅಷ್ಟರಲ್ಲಿ ಅವರು ನೋಡಿಯಾಗಿತ್ತು. "ನಿಮ್ಮವ್ವಂದೂ ಜೋಡು ಸುಳೀನ ಐತಿ. ನಿಮ್ಮಪ್ಪ ಮಗ್ಗಲದಾಗ ಗುಂಡಕಲ್ಲಿನಂಗ ಕುಂತಿದ್ದ. ಅದನ್ನ ನೋಡೇ ನನಗ ಧೈರ್ಯ ಬಂತು," ಎಂದರು.

ಅವ್ವಾ, ಇಷ್ಟು ವರ್ಷ ಅಪ್ಪ ಕೆಮ್ಮಿದಾಗಲೆಲ್ಲ ನೀನು ಎದ್ದು ಕೂತು ಕಾಯುತ್ತಿದ್ದುದು ಇದಕ್ಕೇನು? ಬರುವ ಭಾನುವಾರ ಪಿಕಪ್ ಹೊಡೆದುಕೊಂಡು ನಾನೇ ಬರುತ್ತೇನೆ. ಕೊಬ್ಬರಿ ಎಣ್ಣೆ ಕಾಯಿಸಿ ಇಡು. ಅಂಗಳದಲ್ಲಿ, ಅಪ್ಪನ ಮುಂದೆಯೇ, ನಿನ್ನ ತಲೆ ನಾನು ಬಾಚುತ್ತೇನೆ.