ಕುಂತವರು

ಮ್ಯೂನಿಕ್
೧೧ ಮೇ ೨೦೨೫

ಪ್ರೀತಿಯ ಬಸಕ್ಕನವರಿಗೆ ಅಂಬವ್ವನ ಶರಣಾರ್ಥಿಗಳು.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ ಇಲ್ಲೋ? ದುಂಡಪ್ಪ ಮಾಮಾನವರ ಕೆಮ್ಮು ಇಳಿಯಿತೇ? ಕಣ್ಣಿನ ಆಪರೇಷನ್ ಆದ ಮೇಲೆ ಸಿದ್ದಕ್ಕ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ ಎಂದು ಮಗ ಮಹೇಶ ಹೇಳಿದ, ಕೇಳಿ ಸಂತೋಷವಾಯಿತು. ನಾನು ಗಟ್ಟಿಯಾಗಿದ್ದೇನೆ, ಬಿ.ಪಿ. ಗುಳಿಗೆ ತಪ್ಪಿಸಿಲ್ಲ.

ಫೋನಿದ್ದೂ ಕಾಗದ ಯಾಕೆ ಎನ್ನುತ್ತೀರಿ. ನಿಮ್ಮ ತಮ್ಮ, ನಮ್ಮ ಮನೆಯವರು, ಇಲ್ಲಿ ತೀರಿಕೊಂಡು ಏಳು ತಿಂಗಳಾಯಿತು. ಫೋನು ಮಾಡಿದಾಗಲೆಲ್ಲ ನೀವು ಕೇಳುವುದು ಒಂದೇ: "ಅಂಬವ್ವಾ, ನನ್ನ ತಮ್ಮನ್ನ ಛಲೋತ್ನಂಗ ಕೂಡಿಸಿದ್ರಿಲ್ಲೊ?" ನಾನು "ಹೂಂನ್ರೀ ಅಕ್ಕಾ" ಎನ್ನುತ್ತೇನೆ. ಆ ಮಾತನ್ನು ತಿದ್ದಬೇಕಾಗಿದೆ. ನಿಮ್ಮ ದನಿ ಕೇಳುತ್ತಾ ತಿದ್ದುವ ಧೈರ್ಯ ನನಗಿಲ್ಲ.

ಅವ್ವನ ಮನಸ್ಸು ಹಗುರಾಗಲಿ ಎಂದು ಮಹೇಶ ಎಲ್ಲರನ್ನೂ ಹಡಗಿನಲ್ಲಿ ಗ್ರೀಸಿಗೆ ಕರೆದೊಯ್ದಿದ್ದ. ಹಡಗೆಂದರೆ ತೇಲುವ ಪ್ಯಾಟಿ. ಜೋಳದ ರೊಟ್ಟಿಯೊಂದು ಬಿಟ್ಟು ಎಲ್ಲ ಸಿಗುತ್ತದೆ. ಅಥೆನ್ಸಿನಲ್ಲಿ ಇಳಿಸಿ, ನಮ್ಮ ಎದೆಗೆ ಹದಿನೇಳನೇ ನಂಬರಿನ ಚೀಟಿ ಅಂಟಿಸಿ, ಬಸ್ಸಿನಲ್ಲಿ ಹಾಳುಬಿದ್ದ ಗುಡಿಗಳನ್ನೆಲ್ಲ ತೋರಿಸಿದರು. ಗೈಡ್ ಹೆಣ್ಣುಮಗಳು ಜರ್ಮನ್‌ನಲ್ಲಿ ಹೇಳಿದ್ದನ್ನು ಮೊಮ್ಮಗಳು ಸಂಜನಾ ಅರ್ಧ ನುಂಗಿ ನನಗೆ ಹೇಳುತ್ತಿದ್ದಳು. ಕೊನೆಗೆ ನೋಡಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಸ್ಮಶಾನ. ಅಲ್ಲೊಂದು ಕಲ್ಲಿನಲ್ಲಿ ಗಂಡಸೊಬ್ಬ ಕುರ್ಚಿಯ ಮೇಲೆ ಕುಳಿತಿದ್ದಾನೆ, ಎದುರಿಗೆ ನಿಂತ ಹೆಂಗಸು ಅವನ ಕೈ ಹಿಡಿದಿದ್ದಾಳೆ. ಇವರಲ್ಲಿ ಸತ್ತವರು ಯಾರು ಎಂದು ಗೈಡ್ ಕೇಳಿದಳು. ನನ್ನ ಬಾಯಿಂದ ತಾನೇ ಬಂತು: "ಕುಂತವರು." ಸಂಜನಾ ಅದನ್ನು ಹೇಳಿದಳು, ಗೈಡ್ ಹೌದೆಂದು ತಲೆಯಾಡಿಸಿದಳು. "ಅಜ್ಜೀ, ಸೂಪರ್! ನಿನಗ ಹೆಂಗ ಗೊತ್ತಾತು?" ಎಂದು ಹುಡುಗಿ ಕುಣಿದಳು. ನಮ್ಮಲ್ಲಿ ಹೋದವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರವ್ವ ಎಂದೆ. "ಮತ್ತ ಅಜ್ಜನ್ನ ಯಾಕ ಮಲಗಿಸಿದ್ರಿ?"

ಅದೇ ಅಕ್ಕಾ. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಒಯ್ಯಬೇಕೆಂದರು. ಎಡಗೈಯಲ್ಲಿ ಲಿಂಗವನ್ನು ನಾನೇ ಇಟ್ಟೆ, ಹಣೆಗೆ ವಿಭೂತಿ ಹಚ್ಚಿದೆ, ಪತ್ರಿ ಸಿಗಲಿಲ್ಲ. ಊಟಕ್ಕೂ ಪೂಜೆಗೂ ಬೆನ್ನು ನೆಟ್ಟಗಿಟ್ಟು ಕೂರುತ್ತಿದ್ದ ಮನುಷ್ಯನನ್ನು ಜಡ್ಡಿನವರ ಹಾಗೆ ಉದ್ದಕ್ಕೆ ಮಲಗಿಸಿ ಬಂದೆವು. ನಿಮಗೆ ಸುಳ್ಳು ಹೇಳಿದೆ. ಆ ಕಲ್ಲಿನೆದುರು ನಾನು ಕೂತುಬಿಟ್ಟೆ, ಬಸ್ಸು ನನಗಾಗಿ ಕಾಲು ತಾಸು ನಿಂತಿತು.

ಮಾಮಾನವರಿಗೆ ನನ್ನ ಶರಣು, ಮನೆಯ ಮಕ್ಕಳಿಗೆ ಆಶೀರ್ವಾದ.

ನಿಮ್ಮ
ಅಂಬವ್ವ

ತಾ.ಕ.: ಮಹೇಶನಿಗೆ ಬೈಯಬೇಡಿ. ಅವನು ಅವತ್ತೇ ಕೇಳಿದ್ದ, "ಯವ್ವಾ, ಅಪ್ಪನ್ನ ವಿಮಾನದಾಗ ಊರಿಗೆ ಒಯ್ಯೂನೇನು? ಅತ್ತಿ ಕೂಡಸ್ತಾಳ" ಎಂದು. ಬೇಡ ಎಂದವಳು ನಾನು. ನೀವೆಲ್ಲ ಅವರನ್ನು ಇಟ್ಟುಕೊಂಡುಬಿಟ್ಟರೆ ಇಲ್ಲಿ ನನಗೇನು ಉಳಿಯಿತು ಎನಿಸಿತು. ಈಗ ಪ್ರತಿ ಸೋಮವಾರ ಟ್ರಾಮ್ ಹತ್ತಿ ಹೋಗಿ ಅವರ ಹತ್ತಿರ ಕೂತು ಬರುತ್ತೇನೆ. ಬೈಯುವುದಿದ್ದರೆ ನನಗೇ ಬೈದು ಬರೆಯಿರಿ, ಆದರೆ ಬೇಗ ಬರೆಯಿರಿ ಅಕ್ಕಾ.